ತೊಂಬತ್ತಾರರಲ್ಲಿ ನಿಂತ ಮಹನೀಯರಿಗೆ

ಬಂದ್ಯೋಡು,
ಮೇ ತಿಂಗಳ ಹದಿನಾಲ್ಕು, ೧೯೫೧

ರಸ್ತೆ ಕೆಲಸದ ಕ್ಯಾಂಪು ಕಚೇರಿಯ ಒಳಜಗಲಿಯಲ್ಲಿ, ಲಾವಂಚದ ತಟ್ಟಿಯ ಮರೆಯಲ್ಲಿ, ಎರಡು ಇಂಚಿನ ಮೊಳೆಯೊಂದರ ಮೇಲೆ ವಿರಾಜಮಾನರಾಗಿರುವ ಶ್ರೀ ಉಷ್ಣಮಾಪಕ ಮಹನೀಯರ ಸಮ್ಮುಖಕ್ಕೆ, ರಸ್ತೆಯ ಆಚೆ ಬದಿಯ ಮನೆಯ ಲೋಕಯ್ಯ ಕೈಮುಗಿದು, ಮುಗಿದ ಕೈಯ ಬೆವರನ್ನು ಪಂಚೆಗೆ ಒರೆಸಿಕೊಂಡು, ಬರೆದುಕೊಳ್ಳುವುದೇನೆಂದರೆ:

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ಸುಳ್ಳಿನಿಂದ ಕಾಗದ ಶುರು ಮಾಡುವುದು ಬೇಡ ಎಂದು ಆ ಸಾಲನ್ನು ಬಿಟ್ಟಿದ್ದೇನೆ. ತಮ್ಮ ಮನೆಯವರ ಕ್ಷೇಮ ಕೇಳುವುದಕ್ಕೆ ಅಡ್ಡಿಯಿಲ್ಲವಷ್ಟೆ. ತಮ್ಮ ಹೊಟ್ಟೆಯೊಳಗಿನ ಪಾದರಸ ರಾಯರು ಸೌಖ್ಯವೇ? ತೀರ ಸಂಕೋಚದ ಜನ ಅವರು, ಎಷ್ಟು ಕರೆದರೂ ನೂರರ ಮನೆಗೆ ಹತ್ತಿ ಬರುವುದಿಲ್ಲ. ಗಾಜಿನ ಕೊಳವೆಯಮ್ಮನವರು ಹೇಗಿದ್ದಾರೆ? ಬೆನ್ನಿಗೆ ನಿಂತ ಮರದ ಹಲಗೆಗೆ ಬೂಷ್ಟು ಹಿಡಿದಿದೆಯೆಂದೂ ಮೊಳೆಗೆ ತುಕ್ಕು ಹತ್ತಿದೆಯೆಂದೂ ಕೇಳಿ ಬೇಸರವಾಯಿತು. ಸ್ವಲ್ಪ ತೆಂಗಿನೆಣ್ಣೆ ಸವರಿದರೆ ಇಬ್ಬರಿಗೂ ಒಳ್ಳೆಯದು. ತಮ್ಮ ಎದುರಿನ ತಟ್ಟಿಗೆ ಕಾಲು ಗಂಟೆಗೊಮ್ಮೆ ನೀರು ಚಿಮುಕಿಸುವ ಪ್ಯೂನ್ ಕೂಸಪ್ಪನ ಸೊಂಟನೋವು ಎಷ್ಟಕ್ಕೆ ಬಂತು? ತಮ್ಮನ್ನು ಬಳ್ಳಾರಿಯಿಂದ ಹತ್ತಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಓವರ್ಸಿಯರ್ ಸಾಹೇಬರು ಈಗ ಎದ್ದು ಕೂರುತ್ತಾರೆಯೇ, ಬಾಯಿಗೆ ಗಂಜಿ ಸೇರುತ್ತದೆಯೇ? ಸಾಹೇಬರ ಸಮಾಚಾರಕ್ಕೆ ಆಮೇಲೆ ಬರುತ್ತೇನೆ. ಈ ಕಾಗದ ಹುಟ್ಟಿದ್ದೇ ಅವರು ಬಿದ್ದ ಜಾಗದಲ್ಲಿ.

ನಾನು ಶಾಲೆಗೆ ಹೋದವನಲ್ಲ. ಅಕ್ಷರ ಕಲಿತದ್ದು ಹೆಂಚಿನ ಮೇಲೆ ಒತ್ತಿದ ಹೆಸರುಗಳಿಂದ, ಸೀಮೆಎಣ್ಣೆ ಡಬ್ಬದಿಂದ, ಉಳಿದದ್ದೆಲ್ಲ ನೆಂಟರ ಕಾಗದಗಳಿಂದ. ಹಾಗಾಗಿ ಯಾರಿಗೆ ಬರೆದರೂ ಅದು ನೆಂಟರಿಗೆ ಬರೆದ ಹಾಗೆಯೇ ಆಗಿಬಿಡುತ್ತದೆ. ಸಲಿಗೆ ಹೆಚ್ಚಾಯಿತು ಎನಿಸಿದರೆ ಮಾಫಿ ಇರಲಿ. ಇದರ ಇನ್ನೊಂದು ಪ್ರತಿಯನ್ನು ಎಲ್ಲರೂ ಓದಲೆಂದು ಬಸ್ಸು ನಿಲ್ಲುವ ಕಟ್ಟೆಯ ಗೋಡೆಗೆ ಹಚ್ಚುತ್ತೇನೆ. ಅಂಟು ಬೇಕಾಗುವುದಿಲ್ಲ, ಈ ಹವೆಗೆ ಗೋಡೆಯೇ ಹಿಡಿದುಕೊಳ್ಳುತ್ತದೆ.

ಮೊದಲಿಗೆ ತಮ್ಮ ಗುಣಗಾನ. ಊರಿಗೆ ಊರೇ ಬಾಯಿಬಿಟ್ಟು ಕೂತ ದಿನವೂ ತಮ್ಮಷ್ಟು ಸಮಾಧಾನದಿಂದ ಇದ್ದವರನ್ನು ನಾನು ನೋಡಿಲ್ಲ. ಮರಿಗೆಯಲ್ಲಿ ಉಪ್ಪು ನೀರಾಯಿತು, ಕಡ್ಡಿಪೆಟ್ಟಿಗೆ ಮೆತ್ತಗಾಗಿ ಹತ್ತು ಕಡ್ಡಿ ಗೀರಿದರೂ ಒಂದು ಬೀಡಿ ಹೊತ್ತಲಿಲ್ಲ, ಬೆಳಿಗ್ಗೆ ಒಗೆದು ಹಾಕಿದ ಮೈ ಒರೆಸುವ ಬೈರಾಸು ಸಂಜೆಗೆ ಇನ್ನೂ ಹೆಚ್ಚು ಒದ್ದೆಯಾಗಿತ್ತು, ನಮ್ಮ ಮನೆಯ ನಾಯಿ ಅಪರಿಚಿತರನ್ನು ಕಂಡರೂ ಬೊಗಳುವುದನ್ನು ಸಂಜೆಗೆ ಮುಂದೂಡಿತು. ಅಂಥ ದಿನ ತಾವು ತಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತೆಂಟು ಎಂದು ಹೇಳಿ ಸುಮ್ಮನಾದಿರಿ. ದೊಡ್ಡವರ ಲಕ್ಷಣವೇ ಅದು.

ತಾವು ನೂರು ಎಂದು ಹೇಳಿದ ದಿನ ರಸ್ತೆ ಕೆಲಸದವರಿಗೆ ಹನ್ನೆರಡರಿಂದ ಮೂರರ ತನಕ ವಿಶ್ರಾಂತಿ ಕೊಡಬೇಕು, ಅದಕ್ಕಿಂತ ಒಂದು ಗೀಟು ಕೆಳಗಿದ್ದರೂ ಕೊಡಬಾರದು ಎಂದು ಒಂದು ನಿಯಮ ಉಂಟಂತೆ. ಸಾಹೇಬರು ಬಳ್ಳಾರಿಯಿಂದ ವರ್ಗವಾಗಿ ಬರುವಾಗ ಆ ನಿಯಮವನ್ನೂ ತಮ್ಮ ಜೊತೆಗೇ ಟ್ರಂಕಿನಲ್ಲಿ ತಂದರು. ಒಳ್ಳೆಯ ನಿಯಮವೇ, ಆ ಊರಿನಲ್ಲಿ ಬೆಳಿಗ್ಗೆ ಹತ್ತಕ್ಕೇ ತಾವು ನೂರು ದಾಟುತ್ತಿದ್ದಿರಿ, ಕೆಲಸದವರು ಬೇವಿನ ಮರದಡಿ ಮಲಗುತ್ತಿದ್ದರು. ಇಲ್ಲಿ ಸಮುದ್ರ ಮಗ್ಗುಲಲ್ಲೇ ಉಂಟು. ನನ್ನ ಅರುವತ್ತೆಂಟು ವರ್ಷದಲ್ಲಿ ಈ ಊರಿಗೆ ನೂರು ಬಂದದ್ದು ನಾನು ಕೇಳಿಲ್ಲ. ನಮಗೆ ಬರುವುದು ಸೆಕೆ. ಸೆಕೆಯೆಂದರೆ ಎಂತದು ಎಂದು ಸಾಹೇಬರು ಬಂದ ವಾರವೇ ಕೇಳಿದ್ದರು. ಗಾಳಿಯೇ ಒದ್ದೆಯಾಗಿ, ಬೆವರು ಒಣಗದೆ, ಮೈ ಒಳಗಿನಿಂದಲೇ ಬೇಯುವುದು ಎಂದು ವಿವರಿಸಿದೆ. ಅಂಥದ್ದೊಂದಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲವಲ್ಲ ಎಂದು ಅವರು ನಕ್ಕರು. ತಮ್ಮ ಮೈಮೇಲಿನ ಗೀಟುಗಳನ್ನು ನಾನೂ ಕನ್ನಡಕ ಹಾಕಿ ನೋಡಿದ್ದೇನೆ. ಸೆಕೆಗೆ ಅಲ್ಲಿ ಒಂದು ಗೀಟೂ ಇಲ್ಲ.

ಸಾಹೇಬರು ಬಿಸಿಲಿಗೆ ಹೆದರುವವರಲ್ಲ, ಬಿಸಿಲನ್ನು ಗೆಲ್ಲುವ ಸಾಮಾನುಗಳನ್ನೂ ತಂದಿದ್ದರು. ಉದ್ದ ಕುತ್ತಿಗೆಯ ಬಳ್ಳಾರಿ ಹೂಜಿಯಲ್ಲಿ ಅಲ್ಲಿ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತಿತ್ತಂತೆ. ಇಲ್ಲಿ ಅದು ಮೈಯೆಲ್ಲ ಬೆವರಿತೇ ಹೊರತು ತಣ್ಣಗಾಗಲಿಲ್ಲ, ಪಾಪ, ಒಂದೇ ದಿನದಲ್ಲಿ ನಮ್ಮೂರಿನದೇ ಆಗಿಹೋಯಿತು. ಆಮೇಲೆ ಲಾವಂಚದ ತಟ್ಟಿ. ಒಣಗಾಳಿಯ ಊರಿನಲ್ಲಿ ತಟ್ಟಿಗೆ ನೀರು ಹೊಡೆದರೆ ಕೋಣೆ ತಂಪಾಗುವುದು ನಿಜವಿರಬಹುದು. ನಮ್ಮಲ್ಲಿ ಮೊದಲೇ ಒದ್ದೆಯಾದ ಗಾಳಿಗೆ ಇನ್ನಷ್ಟು ನೀರು ಕುಡಿಸಿ ಒಳಗೆ ಬಿಟ್ಟರೆ ಆಗುವುದೇನು, ಹಬೆಯಲ್ಲಿ ಅಕ್ಕಿಯ ಪುಂಡಿ ಬೇಯಿಸುವ ಹೆಂಗಸರನ್ನು ಕೇಳಿದ್ದರೆ ಹೇಳುತ್ತಿದ್ದರು. ಲಕೋಟೆಗಳು ಕಾಗದವಿಲ್ಲದೆ ತಾವಾಗಿ ಮುಚ್ಚಿಕೊಂಡವು, ಶಾಯಿ ಒಣಗಲಿಲ್ಲ, ಕಡತಗಳ ಮೇಲೆ ಹಸುರು ಬೆಳೆಯಿತು. ಆದರೂ ತಟ್ಟಿಯ ಹಿಂದೆ ನೀರಿನ ತೇವಕ್ಕೆ ಮೈಯೊಡ್ಡಿ ನಿಂತ ತಮಗೆ ಮಾತ್ರ ಹಾಯೆನಿಸಿತು. ಒಂದೆರಡು ಗೀಟು ಕೆಳಗೆ ಇಳಿದಿರಿ.

ಇನ್ನು ನನ್ನ ಮನೆಯ ಸಂಗತಿ. ಅಮ್ಮಣಿ ನನ್ನ ತಂಗಿಯ ಮಗಳು. ತಂಗಿ ತೀರಿದ ಮೇಲೆ ನನ್ನ ಜೊತೆಗೇ ಉಂಟು. ಮಳೆ ಬಂದರೆ ರಸ್ತೆ ಕೆಲಸ ನಿಲ್ಲುತ್ತದೆ, ಅದರೊಳಗೆ ನಾಲ್ಕು ಕಾಸು ಆಗಲಿ ಎಂದು, ಮಾರ್ಚಿನಿಂದ ನಮ್ಮ ಮನೆಯ ಎದುರೇ ಜಲ್ಲಿ ಒಡೆಯುವುದಕ್ಕೆ ಹೋಗುತ್ತಿದ್ದಳು. ಕಪ್ಪುಕಲ್ಲಿನ ರಾಶಿ, ಕೈಯಲ್ಲಿ ಸುತ್ತಿಗೆ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಏಪ್ರಿಲ್ ಇಪ್ಪತ್ತಮೂರರಂದು ಮಧ್ಯಾಹ್ನ ಎರಡಕ್ಕೆ, ಅಮ್ಮಣಿ ಎತ್ತಿದ ಸುತ್ತಿಗೆ ಕಲ್ಲಿನ ಮೇಲೆ ಬೀಳಲಿಲ್ಲ, ಅವಳೇ ಬಿದ್ದಳು. ಮೇಸ್ತ್ರಿ ವಾಸಪ್ಪ ಮತ್ತು ನಾನು ಎತ್ತಿ ಜಗಲಿಗೆ ತಂದೆವು. ರಸ್ತೆಯಾಚೆಯ ಆಯಿಶುಮ್ಮ ಗಂಜಿಯ ತಿಳಿಗೆ ಉಪ್ಪು ಹಾಕಿ ತಂದು ಕುಡಿಸಿದರು. ಕಣ್ಣು ಬಿಡುವಾಗ ಮೂರೂವರೆ.

ಸಂಜೆ ಸಾಹೇಬರು ತಮ್ಮನ್ನು ವಿಚಾರಿಸಿದರು. ಎರಡು ಗಂಟೆಗೆ ತಾವು ಎಂಬತ್ತೆಂಟು ಎಂದು ಸಾಕ್ಷಿ ನುಡಿದಿರಿ. ಎಂಬತ್ತೆಂಟರಲ್ಲಿ ಮನುಷ್ಯರು ಮೂರ್ಛೆ ಹೋಗುವುದಿಲ್ಲ, ಬಳ್ಳಾರಿಯಲ್ಲಿ ಎಂಬತ್ತೆಂಟು ಎಂದರೆ ಮದುವೆಗೆ ಮುಹೂರ್ತ ಇಡುವ ಹವೆ. ಆದುದರಿಂದ ಅವಳು ಮಲಗಿದ್ದೇ ಸರಿ ಎಂದು ತೀರ್ಮಾನವಾಗಿ, ಹಾಜರಿ ಪುಸ್ತಕದಲ್ಲಿ ಅಮ್ಮಣಿಯ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ "ನಿದ್ರೆ" ಎಂದು ಬರೆದರು. ಆ ಮಾತು ಊರಿಗೆಲ್ಲ ಗೊತ್ತಾಯಿತು. ಈಗ ಬೇರೆ ಕೆಲಸ ಕೇಳಿದರೂ, ಅಲ್ಲಿ ಮಲಗಿದ್ದು ನೀನೇ ಅಲ್ಲವಾ ಎಂದು ನಗುತ್ತಾರೆ. ಮೂರನೆಯ ದಿನ ಅಮ್ಮಣಿ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಮಾವ, ಕೆಲಸ ಹೋದದ್ದಕ್ಕೆ ಬೇಸರ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಿದ್ದೆ ಅಂತ ಬರೆದಿದ್ದಾರಲ್ಲ, ಅದೊಂದು ಶಬ್ದ ಉಜ್ಜಿಸಿ ಕೊಡಿ."

ಮಾನ್ಯರೇ, ನನ್ನ ದೂರು ಇಷ್ಟೇ, ಆ ಒಂದು ಶಬ್ದ.

ತಮ್ಮ ಮಾತಿಗೆ ಎದುರು ಮಾತು ಬೇಕೆಂದು ನಾನು ಪರವೂರಿನ ನೆಂಟರಿಗೆ ಕಾಗದ ಬರೆದು ಅವರವರ ಬೇಸಗೆಯ ವಿವರ ತರಿಸಿದೆ. ನನ್ನ ತಮ್ಮ ಬೋಜ ಮಡಿಕೇರಿಯ ಕಾಫಿ ತೋಟದಲ್ಲಿದ್ದಾನೆ. ಅವನು ನಾಲ್ಕು ಪುಟ ಬರೆದಿದ್ದಾನೆ: ಅಲ್ಲಿ ಎಂಬತ್ತನಾಲ್ಕು ಆಗಿದೆಯಂತೆ, ಜನ ತತ್ತರಿಸಿದ್ದಾರಂತೆ, ದೊರೆಗಳ ನಾಯಿಗೆ ಹಣೆಗೆ ಒದ್ದೆಬಟ್ಟೆ ಕಟ್ಟಿದ್ದಾರಂತೆ, ಅವನು ಸ್ವತಃ ಕುತ್ತಿಗೆಯ ಉಣ್ಣೆಯ ಮಫ್ಲರನ್ನು ಹಗಲು ಹೊತ್ತು ತೆಗೆದಿಡುವ ಯೋಚನೆಯಲ್ಲಿದ್ದಾನಂತೆ. ನನ್ನ ಮಗಳು ಪ್ರಫುಲ್ಲಾ ಇರುವುದು ತಮ್ಮ ಹಳೆಯ ಊರಾದ ಬಳ್ಳಾರಿಯಲ್ಲೇ, ಅಳಿಯ ರೈಲ್ವೆಯಲ್ಲಿ. ಅವಳ ಕಾಗದದಲ್ಲಿ ಬೇರೆಯೇ ಕತೆ: ನೂರಾ ಹತ್ತು ದಾಟಿದೆ, ಬಾಗಿಲ ಚಿಲಕ ಮುಟ್ಟಿದರೆ ಬೊಬ್ಬೆ ಏಳುತ್ತದೆ, ತುಟಿ ಒಡೆದು ರಕ್ತ ಬರುತ್ತದೆ, ಹನ್ನೊಂದರಿಂದ ನಾಲ್ಕರ ತನಕ ಬೀದಿಯಲ್ಲಿ ನೊಣವೂ ಹಾರುವುದಿಲ್ಲ. ಅದು ಹುಡುಗಾಟದ ಬಿಸಿಲಲ್ಲ ಅಪ್ಪಾ, ಜನ ಸಾಯುತ್ತಾರೆ ಎಂದೂ ಬರೆದಿದ್ದಾಳೆ. ಆದರೆ ಕೊನೆಯಲ್ಲಿ ಒಂದು ಮಾತು: ಇಲ್ಲಿ ತಲೆಗೆ ಒದ್ದೆ ಬಟ್ಟೆ ಸುತ್ತಿ ಮರದ ನೆರಳಿಗೆ ಹೋದರೆ ಜೀವ ವಾಪಸು ಬರುತ್ತದೆ, ನಮ್ಮ ಊರಿನ ಸೆಕೆಗೆ ನೆರಳಿಗೆ ಹೋದರೂ ಅದು ಹಿಂದೆಯೇ ಬಂದು ಪಕ್ಕದಲ್ಲಿ ಕೂರುತ್ತದಲ್ಲ.

ಮೂರು ಊರು, ಮೂರು ಬೇಸಗೆ. ಒಂದು ಊರಿನ ಅಂಗಿ ಇನ್ನೊಂದು ಊರಿನವನಿಗೆ ತೊಡಿಸಿ, ತೋಳು ಉದ್ದವಾದದ್ದು ನಿನ್ನ ಕೈಯ ತಪ್ಪು ಎಂದು ಹೇಳುವ ಕೆಲಸಕ್ಕೆ ತಮ್ಮಂಥವರೇ ಬೇಕಾಗಿತ್ತು.

ಈ ಎರಡು ಕಾಗದಗಳನ್ನು ಒಂದು ಅರ್ಜಿಗೆ ಲಗತ್ತಿಸಿ ಸಾಹೇಬರ ಕೈಗೆ ಕೊಟ್ಟೆ. ನ್ಯಾಯವಂತರು, ಓದಿದರು. ಹಾಗಾದರೆ ಯಂತ್ರವನ್ನೇ ಕಲ್ಲಿನ ರಾಶಿಯ ಹತ್ತಿರ ತಂದು ಎಲ್ಲರ ಕಣ್ಣೆದುರು ನೋಡಿಬಿಡೋಣ ಎಂದರು. ಹೀಗೆ ಮೇ ಹತ್ತರಂದು ಮಧ್ಯಾಹ್ನ ಒಂದು ಗಂಟೆಗೆ ತಮ್ಮ ಸವಾರಿ ಹೊರಟಿತು. ಮುಂದೆ ಕೂಸಪ್ಪ ತಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ವಾಸಪ್ಪ ಕೊಡೆ ಹಿಡಿದು, ಅದರ ಹಿಂದೆ ಕರಿಯ ಉಣ್ಣೆಯ ಕೋಟು, ಬೂಟು, ಹ್ಯಾಟು ಧರಿಸಿದ ಸಾಹೇಬರು. ತಮ್ಮನ್ನು ಅರ್ಧ ಗಂಟೆ ನೆರಳಿನಲ್ಲೇ ಇಟ್ಟು ಓದಬೇಕು ಎಂದು ಪುಸ್ತಕದಲ್ಲಿ ಉಂಟಂತೆ. ಇದ್ದದ್ದು ಒಂದೇ ಕೊಡೆ. ಅದನ್ನು ತಮ್ಮ ಮೇಲೆ ಹಿಡಿದರು. ಸಾಹೇಬರು ಬಿಸಿಲಿನಲ್ಲಿ ನಿಂತು, ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ, ತಮ್ಮ ಮುಖವನ್ನೇ ನೋಡುತ್ತಿದ್ದರು. ಹದಿನಾಲ್ಕು ಜನ ಕೆಲಸದವರು ಸುತ್ತಿಗೆ ಕೆಳಗಿಟ್ಟು ನೋಡಿದರು. ಅಮ್ಮಣಿ ನಮ್ಮ ಜಗಲಿಯ ಕಂಬ ಹಿಡಿದು ನೋಡಿದಳು.

ತಾವು ತೊಂಬತ್ತಮೂರಕ್ಕೆ ಹತ್ತಿದಿರಿ. ಯಾರೋ ಒಬ್ಬರು, ಹತ್ತು ಮಾರಾಯ, ಇನ್ನೂ ಸ್ವಲ್ಪ ಹತ್ತು ಎಂದು ಮೆಲ್ಲಗೆ ಹೇಳಿದರು. ತೊಂಬತ್ತೈದು. ತೊಂಬತ್ತಾರು. ಅಲ್ಲಿ ನಿಂತಿರಿ. ಅರ್ಧ ಗಂಟೆ ಮುಗಿಯಿತು. ಸಾಹೇಬರು ಗಡಿಯಾರ ನೋಡಿ, "ನೋಡ್ರಿ, ತೊಂಬತ್ತಾರು. ಮೂರ್ಛೆ ಹೋಗೋ ಹಂತಾದ್ದೇನೈತಿ ಇದರಾಗ" ಎಂದು ಹೇಳಿ, ತೂಗಾಡಿ ಒಂದು ಸುತ್ತು ತಿರುಗಿ, ಜಲ್ಲಿಯ ರಾಶಿಯ ಮೇಲೆ ಅಂಗಾತ ಬಿದ್ದರು.

ನೂರಾ ಹತ್ತರಲ್ಲಿ ಹತ್ತು ವರ್ಷ ರಸ್ತೆ ಮಾಡಿಸಿದ ಮನುಷ್ಯ, ತೊಂಬತ್ತಾರರಲ್ಲಿ ಬಿದ್ದರು. ನಗಬೇಕೆಂದು ತೋರಿದರೂ ಯಾರೂ ನಗಲಿಲ್ಲ. ಮೊದಲು ಓಡಿ ಬಂದವಳು ಅಮ್ಮಣಿ. ಬಿದ್ದವರಿಗೆ ಎಂತ ಬೇಕು ಎಂದು ಅವಳಿಗೆ ಗೊತ್ತಿತ್ತಲ್ಲ. ಕೋಟು ಬಿಚ್ಚಿಸಿದಳು, ಬೂಟು ಕಳಚಿದಳು, ವಾಸಪ್ಪನ ಕೈಯಿಂದ ಕೊಡೆ ಕಿತ್ತು ಸಾಹೇಬರ ಮುಖದ ಮೇಲೆ ಹಿಡಿಸಿದಳು. ಆಯಿಶುಮ್ಮನ ಮನೆಯಿಂದ ಪುನಃ ಉಪ್ಪು ಹಾಕಿದ ಗಂಜಿತಿಳಿ ಬಂತು. ಸಾಹೇಬರು ಕಣ್ಣು ತೆರೆದು ಮೊದಲು ಕೇಳಿದ್ದು, ಎಷ್ಟಾಯಿತು ಎಂದು.

"ನಿಮಗೆ ಸಾಕಾಗುವಷ್ಟು ಆಗಿದೆ ಸ್ವಾಮಿ, ಕುಡಿಯಿರಿ," ಎಂದಳು ಅಮ್ಮಣಿ.

ಆ ಗಡಿಬಿಡಿಯಲ್ಲಿ ತಮಗೂ ಸ್ವಲ್ಪ ಸಹಾಯ ಮಾಡುವ ಪ್ರಯತ್ನ ನಡೆಯಿತು, ತಮಗೆ ನೆನಪಿರಬಹುದು. ನಾಲ್ಕೇ ಗೀಟು ಬಾಕಿ ಎಂದು ಕೂಸಪ್ಪ ತಮ್ಮ ಬುಡವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ, ತೊಂಬತ್ತೇಳೂವರೆಗೆ ಬಂದಿರಿ. ವಾಸಪ್ಪನ ಕಂಕುಳಲ್ಲಿ ಇಟ್ಟರು; ತೊಂಬತ್ತೆಂಟೂವರೆ, ಮುಂದೆ ಜಪ್ಪಯ್ಯ ಅಂದರೂ ಇಲ್ಲ. ಅಂದರೆ ಗಟ್ಟಿಮುಟ್ಟಾದ ಮನುಷ್ಯನ ಮೈಯೊಳಗೇ ನೂರಿಲ್ಲ. ಜ್ವರ ಬಂದು ಮಲಗಿದವನ ಕಂಕುಳಲ್ಲಿ ಇಟ್ಟರೆ ಮಾತ್ರ ವಿಶ್ರಾಂತಿ ಮಂಜೂರಾಗುವುದು ಎಂಬ ಜ್ಞಾನ ಅಂದು ನಮಗೆಲ್ಲ ಆಯಿತು. ಕೊಡೆಯಿಲ್ಲದೆ ಕಲ್ಲಿನ ಮೇಲೆ ಇಟ್ಟಿದ್ದರೆ ತಾವು ನೂರನ್ನು ಹಾರಿ ದಾಟುತ್ತಿದ್ದಿರಿ, ಅದೂ ನನಗೆ ಗೊತ್ತುಂಟು. ಆದರೆ ತಮಗೆ ನೆರಳು ಕಡ್ಡಾಯ, ಅಮ್ಮಣಿಗೆ ನೆರಳು ನಿಷೇಧ. ಒಂದೇ ಕಚೇರಿಯಲ್ಲಿ ಇಬ್ಬರ ಚಾಕರಿಯ ಕರಾರು ಬೇರೆ ಬೇರೆ.

ಮಾರನೆಯ ದಿನ ಕೂಸಪ್ಪ ಹೇಳಿದ ಪ್ರಕಾರ, ಕಚೇರಿಯ ದಿನಚರಿಯಲ್ಲಿ ಸಾಹೇಬರು "ತನಿಖೆಯ ಸಮಯದಲ್ಲಿ ಅಸ್ವಸ್ಥರಾದರು" ಎಂದು ದಾಖಲಾಗಿದೆ. ನನ್ನ ಅಲ್ಪಬುದ್ಧಿಗೆ ಇಲ್ಲಿ ಒಂದು ಸಣ್ಣ ತೊಡಕು ಕಾಣುತ್ತದೆ. ತಮ್ಮ ಸಾಕ್ಷಿ ಸರಿಯಾದರೆ ಸಾಹೇಬರೂ ಅಮ್ಮಣಿಯ ಹಾಗೆ ಜಲ್ಲಿಯ ಮೇಲೆ ಮಲಗಿ ನಿದ್ದೆ ಮಾಡಿದರು ಎಂದೇ ಬರೆಯಬೇಕು. ಸಾಹೇಬರು ಅಸ್ವಸ್ಥರಾದದ್ದು ನಿಜವಾದರೆ ಅಮ್ಮಣಿಯೂ ಅಸ್ವಸ್ಥಳೇ. ಒಂದೇ ರಾಶಿಯ ಮೇಲೆ ಬಿದ್ದ ಇಬ್ಬರಲ್ಲಿ ಕೋಟು ಇದ್ದವರಿಗೆ ಕಾಯಿಲೆ, ಮುಟ್ಟಾಳೆ ಇದ್ದವಳಿಗೆ ನಿದ್ದೆ ಎಂದಾದರೆ, ತಾವು ಅಳೆಯುವುದು ಉಷ್ಣವನ್ನಲ್ಲ, ಬಟ್ಟೆಯನ್ನು.

ಆದ ಕಾರಣ ತಮ್ಮಲ್ಲಿ ನನ್ನ ಸಣ್ಣ ಬೇಡಿಕೆಗಳು. ತಾವು ದಯಮಾಡಿ ಮೊಳೆಯಿಂದ ಇಳಿದು, ಒಂದು ದಿನದ ಮಟ್ಟಿಗೆ ಅಮ್ಮಣಿಯ ಸುತ್ತಿಗೆ ಹಿಡಿದು ಏಳರಿಂದ ಐದರ ತನಕ ಜಲ್ಲಿ ಒಡೆಯಬೇಕು. ಆಮೇಲೆ ತಾವು ಎಷ್ಟು ಎಂದು ಹೇಳುತ್ತೀರೋ ಅಷ್ಟನ್ನು ನಾವು ನಂಬುತ್ತೇವೆ. ಅದಾಗದಿದ್ದರೆ ನೂರಕ್ಕೂ ತೊಂಬತ್ತಾರಕ್ಕೂ ನಡುವಿನ ಆ ನಾಲ್ಕು ಗೀಟುಗಳನ್ನು ನಮ್ಮ ಊರಿಗೆ ಕೈಗಡ ಕೊಡಬೇಕು. ಮಳೆಗಾಲದಲ್ಲಿ ತೊಳೆದು, ಒರೆಸಿ, ವಾಪಸು ಮಾಡುತ್ತೇವೆ. ಅದೂ ಆಗದಿದ್ದರೆ, ಬೋಜನಿಗೆ ಅಲ್ಲಿ ಬೇಡವಾದ ಚಳಿ ಸ್ವಲ್ಪವನ್ನು ಬಳ್ಳಾರಿಗೂ, ಬಳ್ಳಾರಿಯ ಒಣಗಾಳಿ ಸ್ವಲ್ಪವನ್ನು ಬಂದ್ಯೋಡಿಗೂ ರೈಲಿನಲ್ಲಿ ಕಳುಹಿಸಲು ಶಿಫಾರಸು ಮಾಡಬೇಕು. ಕುಂಬಳೆ ಸ್ಟೇಷನ್ನಿಗೆ ನಾನೇ ಗಾಡಿ ತೆಗೆದುಕೊಂಡು ಹೋಗಿ ಇಳಿಸಿಕೊಳ್ಳುತ್ತೇನೆ. ಇವೆಲ್ಲ ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ಒಂದೇ ಒಂದು ಸಲ ಬಾಯಿಬಿಟ್ಟು, ಏಪ್ರಿಲ್ ಇಪ್ಪತ್ತಮೂರರಂದು ಆ ಹುಡುಗಿ ಮಲಗಿರಲಿಲ್ಲ, ಬಿದ್ದಿದ್ದಳು ಎಂದು ಹೇಳಿಬಿಡಿ. ತಾವು ಅಲ್ಲಿರಲಿಲ್ಲ ಎಂಬುದು ತೊಂದರೆಯಲ್ಲ. ಅಲ್ಲಿರದೆಯೇ ಒಂದು ಸಲ ಸಾಕ್ಷಿ ಹೇಳಿ ಅಭ್ಯಾಸ ಉಂಟಲ್ಲ.

ಇಷ್ಟು ಬರೆಯುವಾಗ ಕಾಗದದ ಮೇಲೆ ನನ್ನ ಮೊಣಕೈ ಎರಡು ಸಲ ಅಂಟಿತು. ಅಕ್ಷರ ಕಲಸಿದ ಕಡೆ ತಾವೇ ಊಹಿಸಿ ಓದಬೇಕು. ಪಾದರಸ ರಾಯರಿಗೆ ನನ್ನ ನಮಸ್ಕಾರ ತಿಳಿಸಿ, ಕೊಳವೆಯಮ್ಮನವರನ್ನು ಜೋಪಾನ ಮಾಡಿ.

ನೆತ್ತಿಯಿಂದ ಪಾದದ ತನಕ ತೊಯ್ದಿದ್ದರೂ ಇಂದಿಗೂ ತಮ್ಮ ವಿಶ್ವಾಸಿ,
ಲೋಕಯ್ಯ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಕೂಸಪ್ಪ ಎರಡು ಸುದ್ದಿ ತಂದ.

ಒಂದು, ತಮ್ಮದು. ಹತ್ತನೆಯ ತಾರೀಕಿನ ಘಟನೆಯಿಂದ ಯಂತ್ರಕ್ಕೆ ಅಪಾಯವಾಗಬಹುದಿತ್ತು ಎಂದು ಮೇಲಿನ ಕಚೇರಿಯವರಿಗೆ ಗಾಬರಿಯಾಗಿ, ಇನ್ನು ಮುಂದೆ ಹನ್ನೆರಡರಿಂದ ಮೂರರ ತನಕ ತಮ್ಮನ್ನು ಹೊರಗೆ ತರಕೂಡದು ಎಂದು ಹುಕುಂ ಬಂದಿದೆಯಂತೆ. ಹೃತ್ಪೂರ್ವಕ ಅಭಿನಂದನೆಗಳು. ಹದಿನೈದು ಜನ ಮಾರ್ಚಿನಿಂದ ಕೇಳಿದ್ದು ತಮಗೆ ಕೇಳದೆಯೇ ಸಿಕ್ಕಿತು.

ಇನ್ನೊಂದು, ಅಮ್ಮಣಿಯದು. ಇಂದು ಬೆಳಿಗ್ಗೆ ಸಾಹೇಬರು ಚೇತರಿಸಿಕೊಂಡು ಕಚೇರಿಗೆ ಬಂದು, ಯಾರೂ ಹೇಳದೆ ಹಾಜರಿ ಪುಸ್ತಕ ತರಿಸಿ, ಏಪ್ರಿಲ್ ಇಪ್ಪತ್ತಮೂರರ ಪುಟ ತೆರೆದು ಬಹಳ ಹೊತ್ತು ನೋಡುತ್ತ ಕೂತರಂತೆ. ಕೂತಲ್ಲೇ ಅವರ ಗಲ್ಲದಿಂದ ಒಂದು ಹನಿ ಬೆವರು ಸರಿಯಾಗಿ ಆ ಶಬ್ದದ ಮೇಲೆ ಬಿದ್ದು, ನಿದ್ರೆ ಕಲಸಿ ನೀಲಿಯ ಒಂದು ಕಲೆಯಾಯಿತಂತೆ. ಸಾಹೇಬರು ಪೆನ್ನು ಎತ್ತಿ, ಕೂಸಪ್ಪನ ಮುಖ ನೋಡಿ, "ಇದಕ್ಕ ನಿಮ್ಮ ಕಡೆ ಏನಂತಿರಪಾ?" ಎಂದರಂತೆ. ಸೆಕೆ ಅಂತ ಹೇಳುವುದು ಸ್ವಾಮಿ, ಎಂದನಂತೆ ಕೂಸಪ್ಪ. ಸಾಹೇಬರು ಕಲೆಯ ಪಕ್ಕದಲ್ಲಿ ದುಂಡಗೆ "ಸೆಕೆ" ಎಂದು ಬರೆದು, ಅಮ್ಮಣಿಯ ಹೆಸರನ್ನು ಕೆಳಗೆ ಹೊಸತಾಗಿ ಬರೆದರಂತೆ. ಕಾಲಮ್ಮು ಇಲ್ಲದ ಕಡೆ ಒಂದು ಹನಿ ಜಾಗ ಮಾಡಿಕೊಂಡಿತು ನೋಡಿ. ತಮ್ಮ ಕೈಯಲ್ಲಿ ಆಗದ ಸಾಕ್ಷಿಯನ್ನು ಅದು ಹೇಳಿತು.

ಅಮ್ಮಣಿ ನಾಳೆ ಏಳಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಮುಟ್ಟಾಳೆ ಒರೆಸಿ ಇಟ್ಟಿದ್ದಾಳೆ. ತಮ್ಮಲ್ಲಿ ಒಂದು ವಿಷಯ ವಿಚಾರಿಸಲು ಹೇಳಿದ್ದಾಳೆ: ಹನ್ನೆರಡರಿಂದ ಮೂರರ ತನಕ ತಾವು ವಿಶ್ರಮಿಸುವ ಆ ಗೋಡೆಯಲ್ಲಿ, ತಮ್ಮ ಪಕ್ಕಕ್ಕೆ, ಇನ್ನು ಹದಿನೈದು ಮೊಳೆ ಹೊಡೆಯಲು ಜಾಗ ಉಂಟೇ? ಬೇಗ ಬರೆಯಿರಿ; ನಾಳೆ ಹನ್ನೆರಡರ ಒಳಗೆ ಉತ್ತರ ಸಿಕ್ಕಿದರೆ ಉಪಕಾರವಾದೀತು.